ಸಿದ್ಧ ಮನೆಯ ಕನಸು ಮತ್ತು ಕೋನಿಗ್ಸ್‌ಬರ್ಗರ್ ಕಲಿತ ಪಾಠ

ಸಾಗರದಿಂದ ತಾಳಗುಪ್ಪದ ಕಡೆಗೆ ಹೊರಟು, ಮುಖ್ಯರಸ್ತೆ ಬಿಟ್ಟು ಕಾಡಿನ ನಡುವಿನ ಒಳದಾರಿ ಹಿಡಿದರೆ ಹೊನ್ನೆಮರಡು ಸಿಗುತ್ತದೆ. ಲಿಂಗನಮಕ್ಕಿಯ ಹಿನ್ನೀರು, ಅದರ ನಡುವಿನ ನಡುಗಡ್ಡೆ, ದೋಣಿವಿಹಾರ ಇವಿಷ್ಟೇ ಇಂದಿನ ಪ್ರವಾಸಿಗನಿಗೆ ಕಾಣುವುದು. 1964ರಲ್ಲಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ನೀರು ಏರಿದಾಗ ಈ ಕಣಿವೆಯ ಸಾವಿರಾರು ಕುಟುಂಬಗಳು ಊರು ಬಿಡಬೇಕಾಯಿತು. ಹಾಗೆ ಹೊರಟವರಲ್ಲಿ ಅನೇಕರು ತಮ್ಮ ಮನೆಯನ್ನು ಬಿಚ್ಚಿಕೊಂಡು ಹೋದರೆಂಬುದನ್ನು ಮಲೆನಾಡಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಬಾಗಿಲುವಾಡ, ಕಂಬ, ತೊಲೆ, ಪಕಾಸಿ, ಹೆಂಚು ಎಲ್ಲವೂ ಗಾಡಿಯೇರಿ ಹೊಸ ಜಾಗದಲ್ಲಿ ಮತ್ತೆ ಜೋಡಣೆಗೊಂಡವು. ಮಣ್ಣಿನ ಗೋಡೆ ಮಾತ್ರ ಹಿಂದೆ ಉಳಿದು ನೀರಿನಲ್ಲಿ ಕರಗಿತು.

ಈಗ ಮಲೆನಾಡಿನತ್ತ ಮತ್ತೊಂದು ಬಗೆಯ ಮನೆ ಲಾರಿಯೇರಿ ಬರುತ್ತಿದೆ. ಕಾರ್ಖಾನೆಯಲ್ಲಿ ಸಿದ್ಧಗೊಂಡ ಗೋಡೆ, ಸಿದ್ಧಗೊಂಡ ಚಾವಣಿ, ಕೆಲವು ದಿನಗಳಲ್ಲಿ ಎದ್ದು ನಿಲ್ಲುವ ಕಾಟೇಜು. ಬೆಂಗಳೂರಿನ ಬಹುಮಹಡಿ ಸಮುಚ್ಚಯಗಳಲ್ಲಿ ಪ್ರಿಕಾಸ್ಟ್ ಎಂಬ ಮಾತು ಬಿಲ್ಡರುಗಳ ಬಾಯಲ್ಲಿ ಸಾಮಾನ್ಯವಾಗಿದೆ. ಆದರೆ ಪೂರ್ವನಿರ್ಮಿತ ವಿಧಾನದ ಬಗ್ಗೆ ನಮ್ಮ ನಿರ್ಮಾಣೋದ್ಯಮಿಗಳಿಗೆ ಇರುವ ತಿಳಿವಳಿಕೆ ಬಹುಪಾಲು ಎರಡು ತುದಿಗಳಲ್ಲಿ ನಿಂತಿದೆ. ಕೆಲವರಿಗೆ ಅದು ಕಾಮಗಾರಿ ಸ್ಥಳದ ತಗಡಿನ ಶೆಡ್ಡು. ಇನ್ನು ಕೆಲವರಿಗೆ ಎಲ್ಲ ಸಮಸ್ಯೆಗಳನ್ನೂ ಒಮ್ಮೆಗೇ ಪರಿಹರಿಸುವ ಮಂತ್ರ. ಇವೆರಡರ ನಡುವಿನ ಸತ್ಯವನ್ನು ದುಬಾರಿ ಬೆಲೆ ತೆತ್ತು ಕಲಿತ ಒಬ್ಬ ವಾಸ್ತುಶಿಲ್ಪಿ ನಮ್ಮ ಮೈಸೂರು ಸಂಸ್ಥಾನದಲ್ಲೇ ಒಂಬತ್ತು ವರ್ಷ ಸೇವೆಯಲ್ಲಿದ್ದರು. ಅವರು ಒಟ್ಟೊ ಕೋನಿಗ್ಸ್‌ಬರ್ಗರ್. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಈ ಹೆಸರು, ಅವರಿಂದ ಹೆಚ್ಚು ಪ್ರಯೋಜನ ಪಡೆಯಬೇಕಾದ ಉದ್ಯಮಕ್ಕೆ ಮರೆತುಹೋಗಿದೆ.

ಕೋನಿಗ್ಸ್‌ಬರ್ಗರ್ ಹುಟ್ಟಿದ್ದು 1908ರಲ್ಲಿ, ಬರ್ಲಿನ್ ನಗರದಲ್ಲಿ. ತಂದೆ ಗೇಯೋರ್ಗ್ ವಾಸ್ತುಶಿಲ್ಪಿ. ತಾಯಿ ಕೇಟೆ, ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರ ಸೋದರಿ. ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ಹಾನ್ಸ್ ಪೋಲ್ಟ್ಸಿಗ್ ಮತ್ತು ಬ್ರೂನೊ ಟೌಟ್ ಅವರಂತಹ ಗುರುಗಳು ದೊರೆತರು. ಮೊದಲ ಮಹಾಯುದ್ಧದ ನಂತರದ ಜರ್ಮನಿಯಲ್ಲಿ ಮನೆಗಳ ತೀವ್ರ ಅಭಾವವಿತ್ತು. ದುಡಿಯುವ ವರ್ಗಕ್ಕೆ ಗಾಳಿ ಬೆಳಕಿನ ಮನೆಗಳನ್ನು ಸಾವಿರಗಟ್ಟಲೆ ಕಟ್ಟುವುದು ಆ ಕಾಲದ ವಾಸ್ತುಶಿಲ್ಪಿಗಳ ಆದರ್ಶವಾಗಿತ್ತು. ಟೌಟ್ ಬರ್ಲಿನ್ನಿನಲ್ಲಿ ದೊಡ್ಡ ವಸತಿ ಬಡಾವಣೆಗಳನ್ನು ರೂಪಿಸಿದರೆ, ಫ್ರಾಂಕ್‌ಫರ್ಟಿನಲ್ಲಿ ಅರ್ನ್‌ಸ್ಟ್ ಮೇ ಕಾರ್ಖಾನೆಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳಿಂದ ಮನೆ ಕಟ್ಟುವ ಪ್ರಯೋಗ ನಡೆಸಿದರು. ಯಂತ್ರವು ಬಡವನಿಗೆ ಸೂರು ಕೊಡಬಲ್ಲದೆಂಬ ನಂಬಿಕೆ ಕೋನಿಗ್ಸ್‌ಬರ್ಗರರಿಗೆ ವಿದ್ಯಾರ್ಥಿ ದೆಸೆಯಲ್ಲೇ ಬಂದ ಬಳುವಳಿ.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಯಹೂದ್ಯರಿಗೆ ಸರಕಾರಿ ಸೇವೆಯ ಬಾಗಿಲು ಮುಚ್ಚಿತು. ಯುವಕ ಕೋನಿಗ್ಸ್‌ಬರ್ಗರ್ ದೇಶ ಬಿಟ್ಟು ಈಜಿಪ್ಟಿಗೆ ಹೋಗಿ ಪುರಾತತ್ವದ ಕೆಲಸದಲ್ಲಿ ತೊಡಗಿದರು. ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆಯನ್ನು ಕುರಿತ ಅವರ ಪ್ರಬಂಧ 1936ರಲ್ಲಿ ಪ್ರಕಟವಾಯಿತು. ಇದನ್ನು ಕಾಲಕಳೆಯಲು ಮಾಡಿದ ಪಾಂಡಿತ್ಯವೆಂದು ತಳ್ಳಿಹಾಕುವಂತಿಲ್ಲ. ಮನೆಯ ಅಂಗಗಳಲ್ಲಿ ಬೇರೆಡೆ ಸಿದ್ಧಗೊಂಡು ತಂದು ಕೂರಿಸುವ ವಸ್ತುಗಳಲ್ಲಿ ಬಾಗಿಲು ಅತ್ಯಂತ ಹಳೆಯದು. ಹಲಗೆಗೆ ಹಲಗೆ ಹೇಗೆ ಕೂಡುತ್ತದೆ, ತಿರುಗಣಿ ಎಲ್ಲಿ ಕೂರುತ್ತದೆ, ಗೋಡೆಗೂ ಚೌಕಟ್ಟಿಗೂ ಸಂಬಂಧವೇನು ಎಂಬ ಪ್ರಶ್ನೆಗಳೇ ಮುಂದೆ ಬೇರೊಂದು ರೂಪದಲ್ಲಿ ಅವರನ್ನು ಕಾಡಿದವು.

ಮೈಸೂರಿಗೆ ಅವರ ದಾರಿ ತೆರೆದದ್ದು ಸೋದರಮಾವನ ಮೂಲಕ. ಸರ್ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಆಗ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಗಿತ್ತು. 1939ರಲ್ಲಿ, ಮೂವತ್ತರ ಹರೆಯದ ಕೋನಿಗ್ಸ್‌ಬರ್ಗರ್ ಮೈಸೂರು ಸರಕಾರದ ವಾಸ್ತುಶಿಲ್ಪಿಯಾಗಿ ಬಂದಿಳಿದರು. ಅದೇ ವರ್ಷ ಜೋಗದ ಜಲವಿದ್ಯುತ್ ಯೋಜನೆಗೆ ಶಂಕುಸ್ಥಾಪನೆಯಾಯಿತು. ಜೋಗದ ವಿದ್ಯುತ್ ಹರಿಯತೊಡಗಿದ 1948ರಲ್ಲಿಯೇ ಅವರು ಸಂಸ್ಥಾನವನ್ನು ಬಿಟ್ಟರು. ಆ ಯೋಜನೆಗೆ ನೀರು ಕೂಡಿಟ್ಟ ಹಿರೇಭಾಸ್ಕರ ಅಣೆಕಟ್ಟು ಮುಂದೆ ಲಿಂಗನಮಕ್ಕಿಯ ಹಿನ್ನೀರಿನಲ್ಲೇ ಮುಳುಗಿತು. ನೀರು ಇಳಿದ ಬೇಸಿಗೆಗಳಲ್ಲಿ ಮಾತ್ರ ತಲೆ ತೋರಿಸುತ್ತದೆ.

ಮಿರ್ಜಾ ಅವರಿಗೆ ಗುಮ್ಮಟ, ಕಮಾನು, ಅಲಂಕಾರಗಳ ಸೊಬಗು ಪ್ರಿಯ. ಬರ್ಲಿನ್ನಿನಲ್ಲಿ ಕಲಿತವರಿಗೆ ಸರಳ ರೇಖೆಗಳೇ ಸೌಂದರ್ಯ. ಇಬ್ಬರ ಅಭಿರುಚಿಗಳ ನಡುವೆ ಎಳೆದಾಟವಿದ್ದೇ ಇತ್ತು. ಆದರೂ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಭಾರತೀಯ ವಿಜ್ಞಾನ ಸಂಸ್ಥೆಯ ವೈಮಾನಿಕ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡಗಳು, ಅಲ್ಲಿನ ಭೋಜನಶಾಲೆ ಮುಂತಾದವು ಅವರ ಕೈಯಿಂದ ಮೂಡಿದವು. ನಮ್ಮ ಜಿಲ್ಲೆಯ ಭದ್ರಾವತಿಯ ಕೈಗಾರಿಕಾ ಪಟ್ಟಣಕ್ಕೂ ಅವರು ಯೋಜನೆ ರೂಪಿಸಿದರು. ಎರಡನೆಯ ಮಹಾಯುದ್ಧದ ಕಾಲವದು. ಸಿಮೆಂಟಿಗೂ ಉಕ್ಕಿಗೂ ಅಭಾವ. ಸ್ಥಳೀಯ ಕಲ್ಲು, ಇಟ್ಟಿಗೆಗಳನ್ನು ಬಲ್ಲ ಮೇಸ್ತ್ರಿಗಳಿಂದ ಕೆಲಸ ತೆಗೆಯಬೇಕಾಗಿತ್ತು. ಬಿಸಿಲು ಎಲ್ಲಿಂದ ಬರುತ್ತದೆ, ಗಾಳಿ ಯಾವ ದಿಕ್ಕಿಗೆ ಬೀಸುತ್ತದೆ, ಮಳೆಯ ಎರಚಲು ಎಷ್ಟು ಒಳಬರುತ್ತದೆ ಎಂಬುದನ್ನು ಲೆಕ್ಕ ಹಾಕಿ ಕಟ್ಟಡವನ್ನು ರೂಪಿಸುವ ಕಲೆ ಅವರಿಗೆ ಸಿದ್ಧಿಸಿದ್ದು ಮೈಸೂರಿನಲ್ಲಿ. ಟಾಟಾ ಸಂಸ್ಥೆಗಾಗಿ 1944-45ರಲ್ಲಿ ಜಮ್‌ಶೆಡ್‌ಪುರದ ಅಭಿವೃದ್ಧಿ ಯೋಜನೆ, 1948ರಲ್ಲಿ ಒಡಿಶಾದ ಹೊಸ ರಾಜಧಾನಿ ಭುವನೇಶ್ವರದ ನಕ್ಷೆ ಇವು ಅವರ ಹೆಸರನ್ನು ದೇಶದುದ್ದಕ್ಕೂ ಹರಡಿದವು.

ದೇಶ ವಿಭಜನೆಯಾಗಿತ್ತು. ದೆಹಲಿಯೊಂದಕ್ಕೇ ಸುಮಾರು ಐದು ಲಕ್ಷ ನಿರಾಶ್ರಿತರು ಬಂದು ಸೇರಿದರು. ಹಳೆಯ ಕೋಟೆಗಳಲ್ಲಿ, ಡೇರೆಗಳಲ್ಲಿ, ರಸ್ತೆಬದಿಯಲ್ಲಿ ಸಂಸಾರಗಳು ದಿನ ದೂಡುತ್ತಿದ್ದವು. ಕೇಂದ್ರ ಸರಕಾರದಲ್ಲಿ ವಸತಿಯ ಹೊಣೆ ಆಗ ರಾಜಕುಮಾರಿ ಅಮೃತ್ ಕೌರ್ ಅವರ ಆರೋಗ್ಯ ಸಚಿವಾಲಯಕ್ಕೆ ಸೇರಿತ್ತು. 1948ರಲ್ಲಿ ಕೋನಿಗ್ಸ್‌ಬರ್ಗರ್ ಅಲ್ಲಿ ವಸತಿ ನಿರ್ದೇಶಕರಾದರು. ತಮ್ಮ ಯೌವನದ ನಂಬಿಕೆಯನ್ನು ಪರೀಕ್ಷೆಗೊಡ್ಡಲು ಇದಕ್ಕಿಂತ ದೊಡ್ಡ ಅವಕಾಶ, ಇದಕ್ಕಿಂತ ದೊಡ್ಡ ಅಗತ್ಯ ಮತ್ತೊಂದಿರಲಿಲ್ಲ. ದೆಹಲಿಯ ಜಂಗಪುರದಲ್ಲಿ ಸರಕಾರಿ ಮನೆ ಕಾರ್ಖಾನೆ ತಲೆಯೆತ್ತಿತು. ನೊರೆ ಕಾಂಕ್ರೀಟಿನ ಹಗುರ ಗೋಡೆಹಲಗೆಗಳನ್ನು ಅಲ್ಲಿ ಎರಕ ಹೊಯ್ದು, ನಿವೇಶನಕ್ಕೆ ಸಾಗಿಸಿ, ಜೋಡಿಸಿ, ಇಡೀ ಬಡಾವಣೆಗಳನ್ನು ಬೇಗ ಎಬ್ಬಿಸುವುದು ಯೋಜನೆಯ ತಿರುಳು.

ಕನಸು ಹಲಗೆಯ ಹಂತದಲ್ಲಿಯೇ ಬಿರಿಯಿತು. ಎರಕದ ಹಲಗೆಗಳು ನಿರೀಕ್ಷಿಸಿದ ಗಟ್ಟಿತನ ತೋರಲಿಲ್ಲ, ಬಿರುಕುಬಿಟ್ಟವು. ಉತ್ಪಾದನೆ ಉದ್ದೇಶಿತ ಪ್ರಮಾಣವನ್ನು ಮುಟ್ಟಲಿಲ್ಲ. ಸಂಸತ್ತಿನಲ್ಲಿ ತೀವ್ರ ಟೀಕೆ ಎದ್ದಿತು. ನಿರಾಶ್ರಿತರ ಹೆಸರಿನಲ್ಲಿ ವ್ಯಯವಾದ ಹಣಕ್ಕೆ ಮನೆಗಳೆಲ್ಲಿ ಎಂಬ ಪ್ರಶ್ನೆಗೆ ಸಚಿವೆಯ ಬಳಿಯಾಗಲಿ, ನಿರ್ದೇಶಕರ ಬಳಿಯಾಗಲಿ ತೃಪ್ತಿಕರ ಉತ್ತರವಿರಲಿಲ್ಲ. 1951ರಲ್ಲಿ ಕೋನಿಗ್ಸ್‌ಬರ್ಗರ್ ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದರು. ಕಾರ್ಖಾನೆ 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಕಂಪನಿಯಾಯಿತು. 1978ರಲ್ಲಿ ಹಿಂದೂಸ್ತಾನ್ ಪ್ರಿಫ್ಯಾಬ್ ಎಂದು ಹೆಸರು ಬದಲಿಸಿಕೊಂಡಿತು. ಕುತೂಹಲದ ಸಂಗತಿಯೆಂದರೆ, ಇಡೀ ಮನೆ ತಯಾರಿಸಲೆಂದು ಹುಟ್ಟಿದ ಆ ಘಟಕ ವಿದ್ಯುತ್ ಕಂಬ, ರೈಲ್ವೆ ಸ್ಲೀಪರ್, ಬಾಗಿಲು ಕಿಟಕಿಗಳಂತಹ ಬಿಡಿ ವಸ್ತುಗಳನ್ನು ತಯಾರಿಸಿ ಬದುಕಿಕೊಂಡಿತು.

ಈ ಸೋಲನ್ನು ಕೇವಲ ತಾಂತ್ರಿಕ ದೋಷವೆಂದು ನೋಡಿದರೆ ಅರ್ಧ ಸತ್ಯವಷ್ಟೇ ದಕ್ಕೀತು. ಅರ್ಥಶಾಸ್ತ್ರದ ಕಣ್ಣಿನಿಂದ ನೋಡಿದಾಗ ಉಳಿದರ್ಧ ಕಾಣುತ್ತದೆ. ಕಾರ್ಖಾನೆಯೆಂದರೆ ಮೊದಲೇ ಹೂಡಬೇಕಾದ ದೊಡ್ಡ ಬಂಡವಾಳ. ಅದು ಗಿಟ್ಟಬೇಕಾದರೆ ಯಂತ್ರ ವರ್ಷವಿಡೀ ಬಿಡುವಿಲ್ಲದೆ ತಿರುಗಬೇಕು. ಹಾಗೆ ತಿರುಗಲು ಒಂದೇ ಅಳತೆಯ ಮನೆಗೆ ನಿರಂತರ ಬೇಡಿಕೆ ಇರಬೇಕು. 1950ರ ಭಾರತದಲ್ಲಿ ಯಥೇಚ್ಛವಾಗಿ ಇದ್ದದ್ದು ದುಡಿಯುವ ಕೈಗಳು. ವಿರಳವಾಗಿದ್ದದ್ದು ಬಂಡವಾಳ, ಸಿಮೆಂಟು ಮತ್ತು ಯಂತ್ರ. ಕಾರ್ಖಾನೆಯ ಮನೆ ವಿರಳವಾದುದನ್ನು ಖರ್ಚು ಮಾಡಿ ಯಥೇಚ್ಛವಾದುದನ್ನು ಉಳಿಸಹೊರಟಿತು. ಲೆಕ್ಕ ತಲೆಕೆಳಗಾಗಿತ್ತು.

ಅದಕ್ಕೆ ಸಾಕ್ಷಿ ದೆಹಲಿಯ ಪಕ್ಕದಲ್ಲೇ ಇತ್ತು. ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರಿಗಾಗಿ ಫರಿದಾಬಾದಿನ ಹೊಸ ಪಟ್ಟಣ ರೂಪುಗೊಳ್ಳುತ್ತಿತ್ತು. ಮನೆ ಕಟ್ಟುವ ಕೆಲಸವನ್ನು ಗುತ್ತಿಗೆದಾರರಿಗೆ ಕೊಡದೆ ನಿರಾಶ್ರಿತರ ಸಹಕಾರ ಸಂಘಗಳಿಗೇ ವಹಿಸುವಂತೆ ಮಾಡುವಲ್ಲಿ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ಅವರ ಭಾರತೀಯ ಸಹಕಾರಿ ಒಕ್ಕೂಟದ ಪಾತ್ರ ದೊಡ್ಡದು. ಹಾರೆ, ಕರಣೆ ಹಿಡಿದು ಅಭ್ಯಾಸವಿಲ್ಲದ ಜನ ಇಟ್ಟಿಗೆ ಸುಟ್ಟರು, ಗೋಡೆ ಎಬ್ಬಿಸಿದರು. ಕೂಲಿಯೂ ಅವರ ಕೈಗೇ ಸೇರಿತು, ಸೂರೂ ಸೇರಿತು. ಒಂದೆಡೆ ನಿರಾಶ್ರಿತನನ್ನು ಫಲಾನುಭವಿಯೆಂದು ಬಗೆದ ಕಾರ್ಖಾನೆ. ಮತ್ತೊಂದೆಡೆ ಅವನನ್ನೇ ಕಟ್ಟಡಗಾರನನ್ನಾಗಿ ಮಾಡಿದ ಪಟ್ಟಣ. ಎರಡೂ ಒಂದೇ ಕಾಲದ ಘಟನೆಗಳು.

ಸೋತ ಅಧಿಕಾರಿಗಳು ಎರಡು ಬಗೆ. ಸೋಲನ್ನು ಕಡತದಲ್ಲಿ ಹೂತುಬಿಡುವವರು ಹೆಚ್ಚು. ಅದನ್ನು ತೆರೆದಿಟ್ಟುಕೊಂಡು ಓದುವವರು ವಿರಳ. ಸರಕಾರಿ ಸೇವೆಯಲ್ಲಿ ಮೂರು ದಶಕ ಕಳೆದ ನನ್ನಂಥವನಿಗೆ ಕೋನಿಗ್ಸ್‌ಬರ್ಗರ್ ಮುಖ್ಯರಾಗುವುದು ಇಲ್ಲಿಯೇ. 1950ರ ದಶಕದ ಮಧ್ಯದಲ್ಲಿ ವಿಶ್ವಸಂಸ್ಥೆಯ ತಜ್ಞರ ತಂಡದ ಸದಸ್ಯರಾಗಿ ಅವರು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ ಹೋದರು. ಚಾರ್ಲ್ಸ್ ಅಬ್ರಾಮ್ಸ್ ಮತ್ತು ವ್ಲಾದಿಮಿರ್ ಬೋದಿಯಾನ್ಸ್ಕಿ ಜತೆಗಿದ್ದರು. ಅಲ್ಲಿಯೂ ಪೂರ್ವನಿರ್ಮಿತ ಕಾಂಕ್ರೀಟ್ ಮನೆಗಳ ಯೋಜನೆಯೊಂದು ಡಚ್ ಕಂಪನಿಯ ಮೂಲಕ ನಡೆದಿತ್ತು. ತಂಡ ಅದನ್ನು ಪರಿಶೀಲಿಸಿ ದುಬಾರಿಯೆಂದು ಕಂಡಿತು. ಅದರ ಬದಲು ತೀರ ಸರಳವಾದ ಸಲಹೆಯೊಂದನ್ನು ಮುಂದಿಟ್ಟಿತು. ಹಳ್ಳಿಯವನು ಮಣ್ಣಿನ ಗೋಡೆಯನ್ನು ತಾನೇ ಕಟ್ಟಿಕೊಳ್ಳಬಲ್ಲ. ಅವನ ಕೈಗೆ ಎಟುಕದಿರುವುದು ಒಳ್ಳೆಯ ಚಾವಣಿ, ಬಾಗಿಲು ಮತ್ತು ಕಿಟಕಿ. ಆದ್ದರಿಂದ ಸರಕಾರ ಅಷ್ಟಕ್ಕೆ ಮಾತ್ರ ಸಾಲ ಕೊಡಲಿ. ಚಾವಣಿ ಸಾಲದ ಯೋಜನೆಯೆಂದು ಅದು ವಸತಿ ನೀತಿಯ ಚರಿತ್ರೆಯಲ್ಲಿ ಹೆಸರಾಗಿದೆ.

ಈಜಿಪ್ಟಿನ ಬಾಗಿಲನ್ನು ಅಭ್ಯಸಿಸಿದ ಯುವಕ ದೆಹಲಿಯ ಕಾರ್ಖಾನೆಯನ್ನು ಹಾದು ಮತ್ತೆ ಬಾಗಿಲಿಗೇ ಬಂದು ನಿಂತಿದ್ದರು. ಕಾರ್ಖಾನೆ ಬೇಡವೆಂದು ಅವರು ಹೇಳಲಿಲ್ಲ. ಮನೆಯ ಯಾವ ಅಂಗ ಕಾರ್ಖಾನೆಯಿಂದ ಬರಬೇಕು, ಯಾವುದು ನಿವೇಶನದಲ್ಲೇ ಆಗಬೇಕು ಎಂಬುದನ್ನು ಊರು ನೋಡಿ ನಿರ್ಧರಿಸಬೇಕೆಂಬ ವಿವೇಕವನ್ನು ಕಲಿತರು, ಕಲಿಸಿದರು. 1963ರಲ್ಲಿ ಸಿಂಗಪುರಕ್ಕೆ ಸಲಹೆ ನೀಡಿದ ವಿಶ್ವಸಂಸ್ಥೆಯ ತ್ರಿಸದಸ್ಯ ತಂಡದಲ್ಲೂ ಅವರಿದ್ದರು. ಲಂಡನ್ನಿನ ಆರ್ಕಿಟೆಕ್ಚರಲ್ ಅಸೋಸಿಯೇಷನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪ ವಿಭಾಗವನ್ನು ಮುನ್ನಡೆಸಿದರು. ಮುಂದೆ ಅದು ಲಂಡನ್ ಯೂನಿವರ್ಸಿಟಿ ಕಾಲೇಜಿನ ಅಭಿವೃದ್ಧಿ ಯೋಜನಾ ಘಟಕವಾಗಿ ಬೆಳೆಯಿತು. 1970ರ ದಶಕದಲ್ಲಿ ಸಹಲೇಖಕರೊಡನೆ ಅವರು ಬರೆದ ಉಷ್ಣವಲಯದ ವಸತಿಯ ಕೈಪಿಡಿಯನ್ನು ನಮ್ಮ ವಾಸ್ತುಶಿಲ್ಪ ಕಾಲೇಜುಗಳಲ್ಲಿ ತಲೆಮಾರುಗಳು ಓದಿವೆ. 1999ರ ಜನವರಿಯಲ್ಲಿ, ತೊಂಬತ್ತು ತುಂಬಿದ ಮೇಲೆ, ಲಂಡನ್ನಿನಲ್ಲಿ ಅವರು ತೀರಿಕೊಂಡರು.

ಅವರ ಬದುಕನ್ನು ಇಂದು ನೆನೆಯಲು ಕಾರಣವಿದೆ. ಕೇಂದ್ರ ಸರಕಾರ 2021ರ ಜನವರಿ 1ರಂದು ಆರು ನಗರಗಳಲ್ಲಿ ಲೈಟ್ ಹೌಸ್ ವಸತಿ ಯೋಜನೆಗಳಿಗೆ ಶಿಲಾನ್ಯಾಸ ನೆರವೇರಿಸಿತು. ಒಂದೊಂದು ನಗರದಲ್ಲಿ ಒಂದೊಂದು ಹೊಸ ನಿರ್ಮಾಣ ವಿಧಾನ, ತಲಾ ಸಾವಿರ ಅಥವಾ ಅದಕ್ಕಿಂತ ಹೆಚ್ಚು ಮನೆ, ಹನ್ನೆರಡು ತಿಂಗಳ ಗಡುವು. ಪ್ರಿಕಾಸ್ಟ್ ವಿಧಾನದ ಚೆನ್ನೈನ 1,152 ಮನೆಗಳು ಉದ್ಘಾಟನೆಯಾದದ್ದು 2022ರ ಮೇ ತಿಂಗಳಲ್ಲಿ. ಕೋವಿಡ್ ಕಾಲದಲ್ಲಿ ಇದು ಸಣ್ಣ ಸಾಧನೆಯಲ್ಲ. ಕೂಲಿಯ ಲೆಕ್ಕವೂ 1950ರಂತಿಲ್ಲ. ಅಂದು ಯಥೇಚ್ಛವಾಗಿದ್ದ ನುರಿತ ಗಾರೆಯವರು, ಬಡಗಿಗಳು ಇಂದು ಮಲೆನಾಡಿನ ಊರುಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಕಟ್ಟಡದ ಕೆಲಸ ದೂರದ ರಾಜ್ಯಗಳ ವಲಸೆ ಕಾರ್ಮಿಕರನ್ನು ಅವಲಂಬಿಸಿದೆ. ಆದ್ದರಿಂದ ಉದ್ಯಮ ಕಾರ್ಖಾನೆಯ ಕಡೆ ಮುಖಮಾಡಿರುವುದರಲ್ಲಿ ತಪ್ಪಿಲ್ಲ.

ಆದರೆ ಬದಲಾಗದೆ ಉಳಿದ ಸಂಗತಿಗಳಿವೆ. ಮೊದಲನೆಯದು ಸಂದು. ಪೂರ್ವನಿರ್ಮಿತ ಮನೆಯ ಬಲ ಹಲಗೆಯಲ್ಲಿಲ್ಲ, ಹಲಗೆಗಳು ಕೂಡುವಲ್ಲಿದೆ. 1968ರ ಮೇ ತಿಂಗಳಲ್ಲಿ ಲಂಡನ್ನಿನ ರೋನನ್ ಪಾಯಿಂಟ್ ಎಂಬ ಬಹುಮಹಡಿ ಕಟ್ಟಡದ ಅಡುಗೆಮನೆಯೊಂದರಲ್ಲಿ ಅನಿಲ ಸ್ಫೋಟವಾದಾಗ ಒಂದು ಹಲಗೆ ಕಳಚಿ, ಅದರ ಹಿಂದೆಯೇ ಕಟ್ಟಡದ ಒಂದು ಮೂಲೆ ಇಡಿಯಾಗಿ ಕುಸಿಯಿತು, ನಾಲ್ವರು ಸತ್ತರು. 2001ರ ಕಛ್ ಭೂಕಂಪದಲ್ಲಿ ಆಗಷ್ಟೇ ಕಟ್ಟಿದ್ದ ಪೂರ್ವನಿರ್ಮಿತ ಶಾಲಾ ಕೊಠಡಿಗಳೂ ಉರುಳಿದವು. ಅಂದು ಗಣರಾಜ್ಯೋತ್ಸವ, ಪಾಠಕ್ಕೆ ರಜೆ. ಎರಡೂ ಕಡೆ ದೋಷ ಕಂಡದ್ದು ಬಿಡಿ ಭಾಗಗಳನ್ನು ಪರಸ್ಪರ ಬಿಗಿದ ರೀತಿಯಲ್ಲಿ.

ಎರಡನೆಯದು ಹವೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರದ ಘಟ್ಟದಂಚೂ ಅದಕ್ಕೆ ಬಹಳ ಹಿಂದುಳಿದಿಲ್ಲ. ಬಯಲುಸೀಮೆಯ ನಿವೇಶನದಲ್ಲಿ ನಡೆದುಹೋಗುವ ಅಂಟು ಮತ್ತು ರಬ್ಬರಿನ ಸಂದು ಇಲ್ಲಿನ ಆಷಾಢ ಶ್ರಾವಣಗಳ ಎರಚಲನ್ನು ಎಷ್ಟು ವರ್ಷ ತಡೆದೀತು? ತಿರುಪು ಹೊಡೆದ ತೂತಿನಿಂದ ಒಳಸೇರಿದ ತೇವ ತಗಡಿನ ಮರೆಯಲ್ಲಿ ತುಕ್ಕಾಗಿ ಬೆಳೆಯುವುದು ಕಣ್ಣಿಗೆ ಬೀಳುವ ಹೊತ್ತಿಗೆ ಮಾರಾಟ ಮುಗಿದಿರುತ್ತದೆ. ಟೆಂಡರುಗಳ ತುಲನಾಪಟ್ಟಿಯಲ್ಲಿ ಚದರಡಿಯ ದರಕ್ಕೊಂದು ಕಾಲಂ ಇರುತ್ತದೆ, ಮುಗಿಸುವ ದಿನಾಂಕಕ್ಕೊಂದು ಇರುತ್ತದೆ. ಹತ್ತು ವರ್ಷದ ನಿರ್ವಹಣೆಗೆ ಕಾಲಂ ಇದ್ದದ್ದನ್ನು ನನ್ನ ಸೇವಾವಧಿಯಲ್ಲಿ ಕಂಡದ್ದು ಅಪರೂಪ.

ಮೂರನೆಯದು ಸಾಗಣೆ. ಇದೇ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಸಂಚಾರಕ್ಕೆ ತೆರೆಯಿತು. ಅಲ್ಲಿಯವರೆಗೆ ಲಾಂಚಿನ ಹಂಗಿನಲ್ಲಿದ್ದ ಕರೂರು ಸೀಮೆಗೆ ಇನ್ನು ಭಾರಿ ಲಾರಿಗಳೂ ಹೋಗಬಲ್ಲವು. ಮುಳುಗಡೆಯಿಂದ ನೊಂದ ಜನರಿಗೆ ಇದು ಆರು ದಶಕ ತಡವಾಗಿ ಸಿಕ್ಕ ನ್ಯಾಯ. ರೆಸಾರ್ಟ್ ಮತ್ತು ಬಡಾವಣೆಗಳ ಉದ್ಯಮಿಗಳಿಗೂ ಅದೇ ಸೇತುವೆ ಹಾದಿಯಾಗಲಿದೆ. ಆದರೆ ಸೇತುವೆಯಾಚೆಯ ತಿರುವುಗಳಲ್ಲಿ, ಮಳೆಗಾಲದ ಮಣ್ಣುರಸ್ತೆಗಳಲ್ಲಿ ದೊಡ್ಡ ಹಲಗೆ ಮುರಿಯದೆ ತಲುಪುವುದು, ಕ್ರೇನು ನಿಲ್ಲಲು ಇಳಿಜಾರಿನ ಗುಡ್ಡವನ್ನು ಕತ್ತರಿಸದೆ ಇರುವುದು ಬೇರೆಯೇ ಮಾತು. ಕಾರ್ಖಾನೆಯಲ್ಲಿ ಉಳಿದ ಹಣ ಹಾದಿಯಲ್ಲಿ ಕರಗಬಹುದು. ಹಾನಿ ಗುಡ್ಡದ ಪಾಲಿಗೆ ಬರಬಹುದು.

ಹಾಗಾದರೆ ಈ ನೆಲಕ್ಕೆ ಒಗ್ಗಿದ ಪೂರ್ವನಿರ್ಮಿತ ವಸ್ತುವೇ ಇಲ್ಲವೇ? ನಮ್ಮ ತಲೆಯ ಮೇಲೆಯೇ ಇದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೊರಬಂದ ಹೆಂಚು, ಒಂದೇ ಅಳತೆಯಲ್ಲಿ ಯಂತ್ರದಿಂದ ಒತ್ತಿ ತೆಗೆದದ್ದು. ಒಂದು ಹೆಂಚಿನ ಅಂಚು ಇನ್ನೊಂದರ ಮೇಲೆ ಕೂತು ಮಳೆಯನ್ನು ಜಾರಿಸುತ್ತದೆ, ಅಂಟಿನ ಹಂಗಿಲ್ಲ. ಕೈಯಿಂದ ಕೈಗೆ ದಾಟಿಸಬಹುದು. ಒಡೆದರೆ ಮನೆಯವನೇ ಏಣಿ ಹತ್ತಿ ಬೇರೊಂದನ್ನು ಹೊದಿಸಬಹುದು. ಅರಮನೆಯಿಂದ ಶಾಲೆಯವರೆಗೆ ಎಲ್ಲರಿಗೂ ಬೇಕಾಗಿದ್ದರಿಂದ ಕಾರ್ಖಾನೆಗೆ ಬೇಡಿಕೆಯ ಕೊರತೆಯಾಗಲಿಲ್ಲ. ದೆಹಲಿಯ ಹಲಗೆಗೆ ಇಲ್ಲದಿದ್ದ ಗುಣಗಳೆಲ್ಲ ಈ ಹೆಂಚಿಗಿದ್ದವು. ಗೋಡೆ ಊರಿನ ಮಣ್ಣು ಅಥವಾ ಜಂಬಿಟ್ಟಿಗೆಯದು, ಚಾವಣಿಯ ಹೊದಿಕೆ ಕಾರ್ಖಾನೆಯದು ಎಂಬ ಮಲೆನಾಡಿನ ಹಂಚಿಕೆ, ಘಾನಾಕ್ಕೆ ವಿಶ್ವಸಂಸ್ಥೆಯ ತಂಡ ಸೂಚಿಸಿದ ಹಂಚಿಕೆಗೆ ತೀರ ಹತ್ತಿರದ್ದು.

ನಮ್ಮ ನಿರ್ಮಾಣೋದ್ಯಮಿಗಳು ಕೋನಿಗ್ಸ್‌ಬರ್ಗರ್ ಅವರ ಬದುಕಿನಿಂದ ಪಡೆಯಬೇಕಾದದ್ದು ಉತ್ಸಾಹಭಂಗವನ್ನಲ್ಲ, ಕೆಲವು ಪ್ರಶ್ನೆಗಳನ್ನು. ಸಂದಿಗೆ ಯಾರು ಹೊಣೆ, ಎಷ್ಟು ವರ್ಷ? ಈ ಊರಿನ ಮಳೆಯಲ್ಲಿ ಪರೀಕ್ಷೆಯಾಗಿದೆಯೇ? ಕೆಟ್ಟ ಭಾಗವನ್ನು ಊರಿನ ಕೆಲಸಗಾರ ಬದಲಿಸಬಲ್ಲನೇ? ಇಡೀ ಮನೆಯೇ ಲಾರಿಯೇರಿ ಬರಬೇಕೇ, ಮೆಟ್ಟಿಲು, ತೊಲೆ, ಕಿಟಕಿ, ಶೌಚಾಲಯದ ಘಟಕಗಳಷ್ಟೇ ಬಂದರೆ ಸಾಲದೇ? ಮನೆ ಕೊಳ್ಳುವವರೂ, ಅನುಮತಿ ನೀಡುವ ಪಂಚಾಯಿತಿ, ಪ್ರಾಧಿಕಾರಗಳೂ ಇವೇ ಪ್ರಶ್ನೆಗಳನ್ನು ಕೇಳಬೇಕು. ಉತ್ತರವಿದ್ದವರಿಗೆ ಕಾರ್ಖಾನೆ ಒಳ್ಳೆಯ ಸಹಾಯಕ.

ಶರಾವತಿಯ ಮುಳುಗಡೆಯ ಜನ ತಮ್ಮ ಮನೆಯನ್ನು ಬಿಚ್ಚಿ ಬೇರೆಡೆ ಕಟ್ಟಿಕೊಳ್ಳಲು ಸಾಧ್ಯವಾದದ್ದು, ಅದರ ಪ್ರತಿಯೊಂದು ಸಂದನ್ನೂ ಊರಿನ ಬಡಗಿ ಬಲ್ಲವನಾಗಿದ್ದರಿಂದ. ಈಗ ಅದೇ ಹಿನ್ನೀರಿನ ದಂಡೆಗೆ ಬರುವ ಸಿದ್ಧ ಮನೆಗಳನ್ನು ಇಪ್ಪತ್ತು ಮಳೆಗಾಲಗಳ ನಂತರ ರಿಪೇರಿ ಮಾಡಬಲ್ಲವರು ಊರಿನಲ್ಲಿರುತ್ತಾರೆಯೇ ಎಂಬುದನ್ನು, ಮೊದಲ ಲಾರಿ ಸೇತುವೆ ದಾಟುವ ಮುನ್ನವೇ ಯೋಚಿಸುವುದು ಲೇಸು.